ಮುಖ್ಯಾಧ್ಯಾಪಕರ ಕುರ್ಚಿಗೂ ಒಂದು ಓದು ಬೇಕು

ಮಹಾರಾಷ್ಟ್ರದ ಖಾಸಗಿ ಪ್ರೌಢಶಾಲೆಯೊಂದರ ಮುಖ್ಯಾಧ್ಯಾಪಕರಾಗಲು ನಿಯಮ ಕೇಳುವುದು ಹೆಚ್ಚೇನಲ್ಲ. ಒಂದು ಪದವಿ, ಜೊತೆಗೆ ಬಿ.ಎಡ್., ಪದವಿಯ ನಂತರ ಐದು ವರ್ಷಗಳ ಪೂರ್ಣಾವಧಿ ಬೋಧನೆಯ ಅನುಭವ. ಆ ಐದರಲ್ಲಿ ಎರಡು ವರ್ಷವಾದರೂ ಬಿ.ಎಡ್. ಮುಗಿಸಿದ ಮೇಲಿನದಾಗಿರಬೇಕು. ಇದನ್ನೆಲ್ಲ ವಿಧಿಸುವ ಖಾಸಗಿ ಶಾಲಾ ನೌಕರರ ಸೇವಾ ಷರತ್ತುಗಳ ಕಾಯ್ದೆ 1977ರದ್ದು, ಅದರ ನಿಯಮಾವಳಿ 1981ರದ್ದು. ಈ ಅರ್ಹತೆ ಇರುವವರಲ್ಲಿ ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಮೇಲಿರುವವರಿಗೆ, ಸೇವಾ ದಾಖಲೆ ತೃಪ್ತಿಕರವಾಗಿದ್ದರೆ, ಕುರ್ಚಿ ಸಲ್ಲುತ್ತದೆ. ಶಾಲೆ ನಡೆಸುವುದನ್ನು ಎಲ್ಲಾದರೂ ಕಲಿತಿದ್ದೀರಾ ಎಂಬ ಪ್ರಶ್ನೆ ಈ ದಾರಿಯಲ್ಲಿ ಎಲ್ಲಿಯೂ ಎದುರಾಗುವುದಿಲ್ಲ.

ನಿವೃತ್ತಿಯ ವಯಸ್ಸು 58. ಹಾಗಾಗಿ ಎರಡು ಮೂರು ವರ್ಷ ಸೇವೆ ಉಳಿದಿರುವಾಗ ಈ ಕುರ್ಚಿ ಸಿಗುವುದು ಸಾಮಾನ್ಯ. ಮೂರು ದಶಕ ಗಣಿತವನ್ನೋ ಕನ್ನಡವನ್ನೋ ಸೊಗಸಾಗಿ ಕಲಿಸಿದವರು ಒಂದು ಜೂನ್ ತಿಂಗಳಲ್ಲಿ ಬೇರೆಯೇ ಕೆಲಸಕ್ಕೆ ಕೂರುತ್ತಾರೆ. ಮುಂಬಯಿಯ ಕನ್ನಡ ಶಾಲೆಗಳ ಒಡನಾಟದಲ್ಲಿ, ಮಕ್ಕಳು ಮುಗಿಬಿದ್ದು ಪ್ರೀತಿಸುತ್ತಿದ್ದ ಮೇಷ್ಟ್ರುಗಳು ಆ ಕೋಣೆಯ ಕಾಗದದ ರಾಶಿಯ ಹಿಂದೆ ಮಂಕಾಗುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಯೋಗ್ಯತೆಗೆ ಕೊರತೆ ಇರಲಿಲ್ಲ. ಆ ಕೆಲಸಕ್ಕೂ ಒಂದು ಶಾಸ್ತ್ರವಿದೆ, ಅದನ್ನು ಓದಲು ಸ್ನಾತಕೋತ್ತರ ಕೋರ್ಸುಗಳಿವೆ ಎಂದು ಅವರಿಗೆ ಸಕಾಲದಲ್ಲಿ ಹೇಳಿದವರಿರಲಿಲ್ಲ. ಶಾಲಾ ನಾಯಕತ್ವ ಮತ್ತು ಶಿಕ್ಷಣ ಆಡಳಿತ ಎಂಬ ಆ ಅಧ್ಯಯನದಲ್ಲಿ ಏನಿದೆ, ಯಾರಿಗೆ ಯಾವುದು ಒಗ್ಗುತ್ತದೆ, ನಮ್ಮ ಶಾಲೆಗಳಿಗೆ ಅದರಿಂದ ಏನು ಲಾಭ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಕುರ್ಚಿ, ಮೂರು ಕೆಲಸ

ಜೂನ್ ನಡುವಿನಲ್ಲಿ ಶಾಲೆ ತೆರೆಯುವ ವಾರ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಏನಿರುತ್ತದೆ ನೋಡಿ. ಸಿಬ್ಬಂದಿಯ ಸಂಬಳದ ಬಿಲ್ಲು ಶಾಲಾರ್ಥ ಜಾಲತಾಣದಲ್ಲಿ ಏರಬೇಕು. ದೇಶದ ಶಾಲೆಗಳ ದತ್ತಾಂಶ ಸಂಗ್ರಹವಾದ ಯು-ಡೈಸ್‌ಗೆ ಮಾಹಿತಿ ತುಂಬಬೇಕು. ಯಾದಗಿರಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗಿಯ ಹೆಸರು ಹಳೆಯ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಆಧಾರ್ ತಾಳೆಯಾಗದಿದ್ದರೆ ಆ ಮಗು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವ ಮಕ್ಕಳ ಸಂಖ್ಯೆಯ ಮೇಲೆಯೇ ಶಾಲೆಗೆ ಎಷ್ಟು ಶಿಕ್ಷಕರ ಹುದ್ದೆ ಎಂಬ ಮಂಜೂರಾತಿ, ಅಂದರೆ ಸಂಚ ಮಾನ್ಯತೆ, ನಿಂತಿರುತ್ತದೆ. ಸಂಖ್ಯೆ ತುಸು ಕುಸಿದರೂ ಒಬ್ಬ ಶಿಕ್ಷಕರು ‘ಅತಿರಿಕ್ತ’ರಾಗಿ, ಅಂದರೆ ಹೆಚ್ಚುವರಿಯಾಗಿ, ಬೇರೆ ಶಾಲೆಗೆ ಹೋಗಬೇಕಾದೀತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ತಂದೆ. ಮಗನನ್ನು ಪಕ್ಕದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಿದೆ, ಶಾಲೆ ಬಿಡುವ ದಾಖಲೆ ಪತ್ರ ಇವತ್ತೇ ಬೇಕು. ಏಳನೆಯ ತರಗತಿಗೆ ಮೊದಲ ಅವಧಿಯ ಶಿಕ್ಷಕರು ಇನ್ನೂ ಬಂದಿಲ್ಲ. ಕುರ್ಲಾದಲ್ಲಿ ಲೋಕಲ್ ನಿಂತಿದೆಯಂತೆ.

ಇವೆಲ್ಲ ಒಂದೇ ತೂಕದ ಕೆಲಸಗಳಲ್ಲ. ಆದರೆ ಎಲ್ಲವೂ ಒಂದೇ ಧ್ವನಿಯಲ್ಲಿ ಕೂಗುತ್ತವೆ. ಯಾವುದು ಯಾವ ಬಗೆಯದು ಎಂದು ಬೇರ್ಪಡಿಸಿ ನೋಡುವುದನ್ನು ಈ ಅಧ್ಯಯನ ಮೊದಲಿಗೇ ಕಲಿಸುತ್ತದೆ. ಆಡಳಿತ, ನಿರ್ವಹಣೆ, ನಾಯಕತ್ವ ಎಂಬ ಮೂರು ಭಾಗಗಳನ್ನು ಪಠ್ಯಗಳು ಮಾಡುತ್ತವೆ. ಒಂದೇ ಉದಾಹರಣೆಯಲ್ಲಿ ಮೂರನ್ನೂ ಕಾಣಬಹುದು.

2020ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯವಾಗಿ ಕಲಿಸುವ ಕಾಯ್ದೆ ತಂದಿತು. ಕನ್ನಡ ಮಾಧ್ಯಮದ ಶಾಲೆಯ ಮುಖ್ಯಾಧ್ಯಾಪಕರ ಮುಂದೆ ಆ ಆದೇಶ ಬಂತು ಎನ್ನಿ. ಆದೇಶವನ್ನು ದಾಖಲಿಸಿ, ಪಾಲನಾ ವರದಿಯನ್ನು ಶಿಕ್ಷಣಾಧಿಕಾರಿ ಕಚೇರಿಗೆ ಕಳಿಸುವುದು ಆಡಳಿತ. ವೇಳಾಪಟ್ಟಿಯಲ್ಲಿ ಆ ಅವಧಿಗಳಿಗೆ ಜಾಗ ಹುಡುಕುವುದು, ಕಲಿಸಲು ಬಲ್ಲ ಶಿಕ್ಷಕರನ್ನು ಗುರುತಿಸುವುದು, ಪುಸ್ತಕ ತರಿಸುವುದು ನಿರ್ವಹಣೆ. ಇಷ್ಟಕ್ಕೇ ನಿಂತರೂ ಶಾಲೆ ನಡೆಯುತ್ತದೆ, ತಪಾಸಣೆಯಲ್ಲಿ ಪಾಸೂ ಆಗುತ್ತದೆ. ಆದರೆ ಆ ಶಾಲೆಯ ಒಂದು ಮಗುವಿನ ಕಡೆಯಿಂದ ನೋಡಿ. ಮನೆಯಲ್ಲಿ ತುಳುವೋ ಕಲಬುರಗಿಯ ಕನ್ನಡವೋ, ಚಾಳಿನ ಓಣಿಯಲ್ಲಿ ಹಿಂದಿ, ತರಗತಿಯಲ್ಲಿ ಪಠ್ಯಪುಸ್ತಕದ ಕನ್ನಡ, ಅದರ ಮೇಲೆ ಇಂಗ್ಲಿಷ್ ಮತ್ತು ಮರಾಠಿ. ಲಿಪಿಗಳೇ ಮೂರು. ಭಾಷಾ ಶಿಕ್ಷಕರೆಲ್ಲರನ್ನೂ ಒಂದೆಡೆ ಕೂರಿಸಿ, ಕನ್ನಡ ಓದು ಗಟ್ಟಿಯಾಗುವುದು ಯಾವ ತಿಂಗಳಿಗೆ, ದೇವನಾಗರಿಯನ್ನು ತರುವುದು ಅದರ ಯಾವ ಘಟ್ಟದಲ್ಲಿ, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಹೇಳಿ ಮಗುವಿನ ಹೊರೆ ಇಳಿಸಬಹುದೇ ಎಂದು ಒಟ್ಟಾಗಿ ತೀರ್ಮಾನಿಸುವಂತೆ ಮಾಡುವುದು ನಾಯಕತ್ವ. ಈ ಮೂರನೆಯದನ್ನು ಮಾಡಿ ಎಂದು ಯಾವ ಕಚೇರಿಯೂ ಪತ್ರ ಬರೆಯುವುದಿಲ್ಲ. ಮಾಡದಿದ್ದರೆ ಕಾರಣ ಕೇಳಿ ನೋಟಿಸೂ ಬರುವುದಿಲ್ಲ.

ಮುಖ್ಯಸ್ಥರಿಂದ ಮಕ್ಕಳ ಕಲಿಕೆಗೆ ಏನು?

ಇದನ್ನು ಸಂಶೋಧಕರು ದಶಕಗಳಿಂದ ಅಳೆಯುತ್ತಿದ್ದಾರೆ. ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಬೀರುವ ಶಾಲೆಯೊಳಗಿನ ಅಂಶಗಳಲ್ಲಿ ತರಗತಿಯ ಬೋಧನೆಗೆ ಮೊದಲ ಸ್ಥಾನ, ನಾಯಕತ್ವಕ್ಕೆ ಎರಡನೆಯದು ಎಂದರು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದರು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಯಾವುದು ಹೆಚ್ಚು ಫಲ ಕೊಡುತ್ತದೆ? ಅವರಿಗೆ ಸಿಕ್ಕ ಉತ್ತರ ನನಗೆ ಬಹಳ ಪ್ರಿಯ: ಶಿಕ್ಷಕರ ಕಲಿಕೆಗೆ ಒತ್ತು ಕೊಟ್ಟು, ಆ ಕಲಿಕೆಯಲ್ಲಿ ತಾವೂ ಅವರ ಜೊತೆ ಕೂರುವುದು. ತರಬೇತಿಯನ್ನು ಉದ್ಘಾಟಿಸಿ ಹೂಗುಚ್ಛ ಕೊಟ್ಟು ತಮ್ಮ ಕೋಣೆಗೆ ಮರಳುವ ಮುಖ್ಯಸ್ಥರನ್ನು ನೋಡಿ ಬೇಸತ್ತವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ.

ಭಾರತದ ಚಿತ್ರ ಅಷ್ಟು ಹಿತವಾಗಿಲ್ಲ. ನಿಕೋಲಸ್ ಬ್ಲೂಮ್ ಮತ್ತಿತರ ಅರ್ಥಶಾಸ್ತ್ರಜ್ಞರು ಎಂಟು ದೇಶಗಳ 1,800ಕ್ಕೂ ಹೆಚ್ಚು ಪ್ರೌಢಶಾಲೆಗಳ ನಿರ್ವಹಣೆಯನ್ನು ಒಂದೇ ಅಳತೆಗೋಲಿನಿಂದ ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರ್ವಹಣೆ ಚೆನ್ನಾಗಿರುವ ಶಾಲೆಗಳಲ್ಲಿ ಮಕ್ಕಳ ಕಲಿಕೆಯೂ ಚೆನ್ನಾಗಿತ್ತು. ಆ ಎಂಟರಲ್ಲಿ ಭಾರತ ಕೊನೆಯ ಸ್ಥಾನದಲ್ಲಿತ್ತು.

ಹಾಗಾದರೆ ಎಲ್ಲ ಶಾಲೆಗಳಿಗೂ ಸುಧಾರಣಾ ಯೋಜನೆ ಬರೆಸಿದರೆ ಸರಿಹೋಗುತ್ತದೆಯೇ? ಮಧ್ಯಪ್ರದೇಶದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. ಶಾಲೆಗಳ ಸವಿವರ ಮೌಲ್ಯಮಾಪನವಾಯಿತು, ಪ್ರತಿ ಶಾಲೆಗೂ ಯೋಜನೆ ಸಿದ್ಧವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಪರಿಣಾಮವನ್ನು ಪರೀಕ್ಷಿಸಿದಾಗ ಕಾಗದದ ಕೆಲಸ ಬಹುಮಟ್ಟಿಗೆ ಮುಗಿದಿತ್ತು, ಬೋಧನೆಯ ರೀತಿಯಾಗಲಿ ಮಕ್ಕಳ ಕಲಿಕೆಯಾಗಲಿ ಬದಲಾಗಿರಲಿಲ್ಲ. ಶಾಲಾ ನಾಯಕತ್ವವನ್ನು ಓದುವವರು ಈ ಅಧ್ಯಯನವನ್ನು ಎದುರಿಗಿಟ್ಟುಕೊಂಡೇ ಓದಬೇಕು ಎಂದು ನನ್ನ ಆಗ್ರಹ. ಯಾಕೆಂದರೆ ಯೋಜನೆ ಬರೆಯುವುದನ್ನು ಮಾತ್ರ ಕಲಿಸುವ ಕೋರ್ಸುಗಳು ನಮ್ಮಲ್ಲಿ ಹೇರಳವಾಗಿವೆ.

ಪಠ್ಯಕ್ರಮದೊಳಗೆ

ಹೆಚ್ಚಿನ ಕೋರ್ಸುಗಳು ಸಂಘಟನೆಯ ಸಿದ್ಧಾಂತಗಳಿಂದ ಆರಂಭವಾಗುತ್ತವೆ. ಟೇಲರ್‌ನ ವೈಜ್ಞಾನಿಕ ನಿರ್ವಹಣೆ, ವೇಬರ್‌ನ ಅಧಿಕಾರಶಾಹಿ, ಮೇಯೊನ ಮಾನವ ಸಂಬಂಧಗಳು, ಆಮೇಲೆ ನಾಯಕತ್ವದ ಶೈಲಿಗಳು. ಹೆಸರುಗಳನ್ನು ಬಾಯಿಪಾಠ ಮಾಡಿ ಹತ್ತು ಅಂಕದ ಉತ್ತರ ಬರೆಯುವುದಕ್ಕೇ ಇವು ಮೀಸಲಾಗುವುದುಂಟು. ಕಾರ್ಖಾನೆಗಳ ಕೆಲಸ ಚುರುಕಾಗಿಸಲು ಹೊರಟ ಟೇಲರ್‌ನ ಚಿಂತನೆ ನಮ್ಮ ಶಾಲೆಗಳ ತಪಾಸಣಾ ನಮೂನೆಗಳಲ್ಲಿ ಹೇಗೆ ಕುಳಿತಿದೆ ಎಂದು ತೋರಿಸಿಕೊಡುವ ಅಧ್ಯಾಪಕರು ಸಿಕ್ಕರೆ ಮಾತ್ರ ಈ ಭಾಗಕ್ಕೆ ಜೀವ ಬರುತ್ತದೆ.

ನಿಜವಾದ ಸತ್ವ ತರಗತಿ ವೀಕ್ಷಣೆಯ ಭಾಗದಲ್ಲಿದೆ. ಮುಖ್ಯಾಧ್ಯಾಪಕರು ಪಾಠ ನೋಡಲು ಬಂದರೆಂದರೆ ಶಿಕ್ಷಕರ ಮೈ ಬಿಗಿಯಾಗುವುದು ನಮ್ಮಲ್ಲಿ ವಾಡಿಕೆ. ನೋಡುವವರೂ ಹಲಗೆಯ ಮೇಲಿನ ಅಕ್ಷರ, ಪಾಠ ಟಿಪ್ಪಣಿ, ಶಿಸ್ತು ಇಷ್ಟನ್ನೇ ನೋಡಿ ‘ಸಮಾಧಾನಕರ’ ಎಂದು ಬರೆದು ಎದ್ದು ಬರುತ್ತಾರೆ. ನಮ್ಮ ಎಂ.ಎಡ್. ಪಠ್ಯಗಳಲ್ಲಿ ಬಹುಕಾಲದಿಂದ ಇರುವ ಫ್ಲ್ಯಾಂಡರ್ಸ್ ಎಂಬ ಅಮೆರಿಕನ್ ಸಂಶೋಧಕರ ವಿಧಾನ ಬೇರೆ. ಹಿಂದಿನ ಬೆಂಚಿನಲ್ಲಿ ಕುಳಿತವರು ಪ್ರತಿ ಮೂರು ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಬರೆಯಬೇಕು. ಶಿಕ್ಷಕರು ವಿವರಿಸುತ್ತಿದ್ದರೆ 5, ಪ್ರಶ್ನೆ ಕೇಳಿದರೆ 4, ಮಗು ಉತ್ತರಿಸಿದರೆ 8, ಮಗು ತಾನಾಗಿ ಮಾತು ತೆಗೆದರೆ 9, ಮೌನವೋ ಗದ್ದಲವೋ ಆದರೆ 10. ಹೀಗೆ ಒಟ್ಟು ಹತ್ತು ವರ್ಗ. ನಲವತ್ತು ನಿಮಿಷದ ಅವಧಿ ಮುಗಿಯುವಾಗ ಕಾಗದದ ಮೇಲೆ ಸುಮಾರು 800 ಸಂಖ್ಯೆಗಳಿರುತ್ತವೆ. ಅವುಗಳಲ್ಲಿ 9 ಎಷ್ಟು ಸಲ ಬಂತು ಎಂದು ಶಿಕ್ಷಕರೇ ಎಣಿಸಿ ನೋಡಲಿ. ಯಾರೂ ಅವರನ್ನು ಬೈಯಬೇಕಿಲ್ಲ, ಉಪದೇಶಿಸಬೇಕಿಲ್ಲ. ತರಗತಿಯ ಮೂರನೇ ಎರಡು ಪಾಲು ಸಮಯದಲ್ಲಿ ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನ ಮೂರನೇ ಎರಡು ಪಾಲು ಶಿಕ್ಷಕರದ್ದೇ ಆಗಿರುತ್ತದೆ ಎಂದು ಫ್ಲ್ಯಾಂಡರ್ಸ್ ಕಂಡುಕೊಂಡಿದ್ದರು. ನಮ್ಮ ತರಗತಿಗಳಲ್ಲಿ ಆ ಪಾಲು ಇನ್ನೂ ದೊಡ್ಡದಿರಬಹುದೇ ಎಂದು ಯಾವುದೇ ಶಾಲೆ ಒಂದು ವಾರದಲ್ಲಿ ತಾನೇ ಪರೀಕ್ಷಿಸಿಕೊಳ್ಳಬಹುದು. ಈ ವಿಧಾನಕ್ಕೂ ಮಿತಿಗಳಿವೆ: ಮಾತನ್ನು ಎಣಿಸುತ್ತದೆ, ಮಾತಿನ ಗುಣವನ್ನು ಅಳೆಯುವುದಿಲ್ಲ. ಆದರೂ ಅಭಿಪ್ರಾಯದ ಜಾಗಕ್ಕೆ ಸಾಕ್ಷ್ಯವನ್ನು ತರುವ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಮುಖ್ಯಾಧ್ಯಾಪಕರಿಗೂ ಶಿಕ್ಷಕರಿಗೂ ನಡುವಿನ ಮಾತಿನ ಧಾಟಿಯೇ ಬದಲಾಗುತ್ತದೆ.

ಹಣಕಾಸಿನ ಭಾಗ ಒಣಗಿದಂತೆ ಕಂಡರೂ ತಪ್ಪಿಸುವಂತಿಲ್ಲ. ಶಾಲೆ ಪೂರ್ಣ ಅನುದಾನಿತವೇ, ಭಾಗಶಃ ಅನುದಾನಿತವೇ, 2012ರ ಕಾಯ್ದೆಯಡಿ ಅನುದಾನವಿಲ್ಲದೆ ತನ್ನ ಹಣದಲ್ಲೇ ನಡೆಯುವ ಸ್ವಯಂ ಅರ್ಥಸಹಾಯಿತವೇ ಎಂಬುದರ ಮೇಲೆ ಸಂಬಳದಿಂದ ಸುಣ್ಣಬಣ್ಣದವರೆಗೆ ಎಲ್ಲವೂ ನಿರ್ಧಾರವಾಗುತ್ತದೆ. ಶುಲ್ಕ ಏರಿಸುವುದಿದ್ದರೆ 2011ರ ಶುಲ್ಕ ನಿಯಂತ್ರಣ ಕಾಯ್ದೆಯಂತೆ ಪಾಲಕ ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಹೋಗಬೇಕು.

ಕಾನೂನಿನ ಭಾಗವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220 ದಿನ ಎಂದು ವಿಧಿಸುತ್ತದೆ. ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಎಳೆಯುವಂತಿಲ್ಲ ಎನ್ನುತ್ತದೆ. ಈ ಕಲಮು ಗೊತ್ತಿದ್ದ ಮುಖ್ಯಸ್ಥರು ತಮ್ಮ ಶಿಕ್ಷಕರ ಪರವಾಗಿ ಒಂದು ಪತ್ರ ಬರೆಯಬಲ್ಲರು, ಗೊತ್ತಿಲ್ಲದವರು ಅವರನ್ನು ಸುಮ್ಮನೆ ಕಳಿಸಿಕೊಡುತ್ತಾರೆ. ಇನ್ನು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ತಿಳಿದರೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ತಮ್ಮ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ವರದಿ ಮಾಡದಿದ್ದರೆ ಒಂದು ವರ್ಷದವರೆಗೆ ಜೈಲು. 2024ರ ಆಗಸ್ಟ್‌ನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಎಳೆಯ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ ಹೊರಬಿದ್ದು ಜನ ರೈಲು ಹಳಿಯ ಮೇಲೆ ಕುಳಿತಾಗ, ಶಾಲೆಗೆ ಯಾವಾಗ ಗೊತ್ತಾಯಿತು, ಯಾಕೆ ಕೂಡಲೇ ಹೇಳಲಿಲ್ಲ ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿತ್ತು. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ವಿಷಯವನ್ನು ಒಳಗೊಳಗೇ ಮುಚ್ಚುವ ಹಳೆಯ ಮನೋಭಾವ ಈಗ ಕಾನೂನಿನ ಪ್ರಕಾರ ಅಪರಾಧ. ಇದನ್ನು ಮುಖ್ಯಾಧ್ಯಾಪಕರು ಪತ್ರಿಕೆ ಓದಿ ತಿಳಿಯುವಂತಾಗಬಾರದು.

ಕನ್ನಡ ಶಾಲೆಗಿರುವ ವಿಶೇಷ ಸ್ವಾತಂತ್ರ್ಯ

ಮೇಲೆ ಹೇಳಿದ ಜ್ಯೇಷ್ಠತೆಯ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಎಷ್ಟೋ ಜನ ಇದರ ಪೂರ್ಣ ಅರ್ಥವನ್ನು ಗಮನಿಸಿದಂತಿಲ್ಲ.

ಸಂವಿಧಾನದ 30ನೆಯ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ಆಯಾ ರಾಜ್ಯವನ್ನು ಘಟಕವಾಗಿಟ್ಟುಕೊಂಡು ತೀರ್ಮಾನಿಸಬೇಕು ಎಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಮಣಿಪಾಲದಿಂದ ಹೊರಟ ಆ ಪ್ರಕರಣ ಮುಂಬಯಿ ಕನ್ನಡಿಗರಿಗೂ ನೇರವಾಗಿ ಅನ್ವಯಿಸುತ್ತದೆ: ಕರ್ನಾಟಕದಲ್ಲಿ ಬಹುಸಂಖ್ಯಾತರಾದ ನಾವು ಮಹಾರಾಷ್ಟ್ರದಲ್ಲಿ ಭಾಷಿಕ ಅಲ್ಪಸಂಖ್ಯಾತರು. 1977ರ ಕಾಯ್ದೆಯ ಮೂರನೆಯ ಕಲಮಿನಲ್ಲಿ, ಅಲ್ಪಸಂಖ್ಯಾತ ಶಾಲೆಯ ಮುಖ್ಯಸ್ಥರ ಮತ್ತು ಆಡಳಿತ ಮಂಡಳಿ ಹೆಸರಿಸುವ ಇನ್ನು ಮೂವರವರೆಗಿನ ನೌಕರರ ನೇಮಕಾತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿದೆ. 1998ರಲ್ಲಿ ಕೇರಳದ ಶಾಲೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಯ ಬದುಕಿನಲ್ಲಿ ಮುಖ್ಯಾಧ್ಯಾಪಕರ ಹುದ್ದೆಗಿರುವ ಮಹತ್ವವನ್ನು ಎತ್ತಿ ಹೇಳಿ, ಅರ್ಹತೆಯುಳ್ಳ ವ್ಯಕ್ತಿಯನ್ನು ಆ ಹುದ್ದೆಗೆ ಆರಿಸುವುದು ಅಲ್ಪಸಂಖ್ಯಾತ ಸಂಸ್ಥೆಯ ಹಕ್ಕಿನ ಮುಖ್ಯ ಭಾಗ ಎಂದು ಎತ್ತಿಹಿಡಿಯಿತು.

ಅಂದರೆ ಭಾಷಿಕ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕನ್ನಡ ಶಾಲೆಯ ಆಡಳಿತ ಮಂಡಳಿ ಪಟ್ಟಿಯ ಮೊದಲ ಹೆಸರಿಗೇ ಕಟ್ಟುಬೀಳಬೇಕಿಲ್ಲ. ನಲವತ್ತರ ಆಸುಪಾಸಿನ, ಕಲಿಯುವ ಹಸಿವುಳ್ಳ, ಹದಿನೈದು ವರ್ಷ ಮುಂದೆ ನೋಡಬಲ್ಲ ಶಿಕ್ಷಕಿಯೊಬ್ಬರನ್ನು ಮುಖ್ಯಾಧ್ಯಾಪಕಿಯನ್ನಾಗಿ ಆರಿಸಬಹುದು. ಈ ಸ್ವಾತಂತ್ರ್ಯ ದುರುಪಯೋಗವಾಗುವುದೂ ಸುಲಭ. ಪದಾಧಿಕಾರಿಗಳ ಆಪ್ತರಿಗೆ, ಊರಿನವರಿಗೆ, ಜಾತಿಯವರಿಗೆ ಮಣೆ ಹಾಕಿದರೆ ಹಿರಿಯ ಶಿಕ್ಷಕರ ಮನಸ್ಸು ಮುರಿಯುತ್ತದೆ, ಶಾಲೆ ಒಳಗಿನಿಂದಲೇ ಒಡೆಯುತ್ತದೆ. ಜ್ಯೇಷ್ಠತೆಯನ್ನು ಬದಿಗಿಡುವುದಾದರೆ ಅದರ ಜಾಗದಲ್ಲಿ ಎಲ್ಲರೂ ಒಪ್ಪುವ ಇನ್ನೊಂದು ಅಳತೆ ಬೇಕು. ಶಾಲಾ ನಾಯಕತ್ವದ ಸ್ನಾತಕೋತ್ತರ ಅಧ್ಯಯನ, ಅದರ ಜೊತೆಗೆ ಶಾಲೆಯೊಳಗೆ ಮಾಡಿ ತೋರಿಸಿದ ಕೆಲಸ, ಅಂಥ ಅಳತೆಯಾಗಬಲ್ಲದು. ಪಾಲಿಕೆಯ ಕನ್ನಡ ಶಾಲೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ನೇಮಕ ಬಡ್ತಿಗಳೆಲ್ಲ ಪಾಲಿಕೆಯದೇ.

ಕಾನೂನು ನಿಂತ ನೀರಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸಂವಿಧಾನ ಪೀಠ ತೀರ್ಪಿತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಮಹಾರಾಷ್ಟ್ರದ ಅಲ್ಪಸಂಖ್ಯಾತ ಸಂಸ್ಥೆಯೊಂದೂ ಕಕ್ಷಿಯಾಗಿದ್ದ ಪ್ರಕರಣದಲ್ಲಿ, ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ ಅದನ್ನು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಿತು. ಇಂಥ ತೀರ್ಪನ್ನು ವಕೀಲರಿಗಾಗಿ ಕಾಯದೆ ಓದಿ, ನಾಳೆ ನಮ್ಮ ಶಾಲೆಯಲ್ಲಿ ಏನು ಬದಲಾಗಬಹುದು ಎಂದು ಊಹಿಸಬಲ್ಲ ಒಬ್ಬರಾದರೂ ಪ್ರತಿ ಸಂಸ್ಥೆಯಲ್ಲಿ ಬೇಕು.

ಯಾವ ಕೋರ್ಸು, ಯಾರಿಗೆ

ಎಂ.ಎಡ್. ಈ ಕ್ಷೇತ್ರದ ಮುಖ್ಯ ವೃತ್ತಿಪರ ಪದವಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಅದು ಎರಡು ವರ್ಷದ್ದಾಗಿದೆ. ಬಿ.ಎಡ್.ನಲ್ಲಿ ಶೇ. 50 ಅಂಕ ಬೇಕು, ಮಹಾರಾಷ್ಟ್ರದಲ್ಲಿ ರಾಜ್ಯ ಸಿಇಟಿ ಕೋಶದ ಪ್ರವೇಶ ಪರೀಕ್ಷೆ ಇದೆ. ಶಿಕ್ಷಣ ನಿರ್ವಹಣೆ ಮತ್ತು ನಾಯಕತ್ವ ಅದರೊಳಗಿನ ಒಂದು ವಿಶೇಷ ವಿಷಯ ಮಾತ್ರ, ಉಳಿದ ಬಹುಪಾಲು ಶಿಕ್ಷಕರ ತರಬೇತುದಾರರನ್ನು ತಯಾರಿಸಲು ಇರುವಂಥದ್ದು. ಮುಂದೆ ಬಿ.ಎಡ್. ಕಾಲೇಜಿನಲ್ಲಿ ಕಲಿಸುವ ಆಸೆ ಇರುವವರಿಗೆ ಇದು ಸರಿಯಾದ ದಾರಿ. ದಿನವಿಡೀ ಶಾಲೆಯಲ್ಲಿ ದುಡಿಯುವವರಿಗೆ ಎರಡು ವರ್ಷದ ಪೂರ್ಣಾವಧಿ ಹಾಜರಾತಿ ಕಷ್ಟ. ರಜೆ ಮಂಜೂರಾಗದೆ ಸೇರಿಕೊಂಡು, ಹಾಜರಾತಿಯನ್ನು ಹೇಗೋ ಹೊಂದಿಸುವ ವ್ಯವಹಾರಕ್ಕೆ ಇಳಿಯಬಾರದು.

ಶಿಕ್ಷಣದಲ್ಲಿ ಎಂ.ಎ. ಬೇರೆ ಜಾತಿಯದು. ಅದಕ್ಕೆ ಬಿ.ಎಡ್. ಇರಲೇಬೇಕೆಂದಿಲ್ಲ. ಶಿಕ್ಷಣದ ತತ್ವ, ಸಮಾಜಶಾಸ್ತ್ರ, ನೀತಿ ಇವುಗಳ ಮೇಲೆ ಒತ್ತು ಹೆಚ್ಚು. 1936ರಲ್ಲಿ ಆರಂಭವಾದ, ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಶಿಕ್ಷಣ ವಿಭಾಗಕ್ಕೆ ಈ ಬಗೆಯ ಅಧ್ಯಯನದಲ್ಲಿ ದೊಡ್ಡ ಹೆಸರಿದೆ. ಚೆಂಬೂರಿನಲ್ಲೋ ಘಾಟ್ಕೋಪರಿನಲ್ಲೋ ಇರುವ ನಮ್ಮ ಯುವ ಶಿಕ್ಷಕರಿಗೆ ಅದು ಕೂಗಳತೆಯ ದೂರ. ಆದರೆ ಓದು ಪೂರ್ತಿ ಇಂಗ್ಲಿಷಿನಲ್ಲಿ, ಪ್ರವೇಶಕ್ಕೂ ಪೈಪೋಟಿ ಹೆಚ್ಚು. ಮಹಿಳೆಯರಿಗೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಜುಹೂ ಆವರಣದಲ್ಲಿ ಶಿಕ್ಷಣ ನಿರ್ವಹಣೆಗೇ ಮೀಸಲಾದ ವಿಭಾಗವಿದೆ.

ಕೆಲಸ ಬಿಡದೆ ಓದುವವರಿಗೆ ಡಿಪ್ಲೊಮಾಗಳೇ ಅನುಕೂಲ. ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯದ ಶಾಲಾ ವ್ಯವಸ್ಥಾಪನ ಡಿಪ್ಲೊಮಾ ಈ ರಾಜ್ಯದ ಶಿಕ್ಷಕರಲ್ಲಿ ಜನಪ್ರಿಯ. ಮಹಾರಾಷ್ಟ್ರದ ಕಾಯ್ದೆ, ಕಡತ, ಕಚೇರಿಗಳ ನಡುವೆ ದಿನ ಕಳೆಯುವವರಿಗೆ ಅದರ ಮರಾಠಿ ಪಠ್ಯ ಹತ್ತಿರದ್ದು. ವಿಜಯಪುರ, ಬೆಳಗಾವಿ, ಬೀದರ ಕಡೆಯಿಂದ ಬಂದ ಶಿಕ್ಷಕರಿಗೆ ಮರಾಠಿ ತಡೆಯಾಗದಿರಬಹುದು, ಕರಾವಳಿಯವರಿಗೆ ಮೊದಮೊದಲು ತುಸು ತ್ರಾಸವಾದೀತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ ಇದೆ. ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ, ಅಂದರೆ ನೀಪಾ, ಇಡೀ ದೇಶಕ್ಕೆ ಈ ವಿಷಯದ ತಾಯಿಬೇರು. ಅಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಆರಂಭವಾಯಿತು. ಅದರ ಆನ್‌ಲೈನ್ ಕಾರ್ಯಕ್ರಮದಿಂದ ಶುರುಮಾಡಿ, ರುಚಿ ಹತ್ತಿದ ಮೇಲೆ ಡಿಪ್ಲೊಮಾಗೆ ಹೋಗುವುದು ನಾನು ಸಾಮಾನ್ಯವಾಗಿ ಕೊಡುವ ಸಲಹೆ.

ಹೊರದೇಶಗಳಲ್ಲಿ ಈ ಓದಿಗೆ ಬೇರೆಯೇ ಸ್ಥಾನವಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ಶಾಲೆಯ ಪ್ರಾಂಶುಪಾಲರಾಗಲು ಪ್ರತ್ಯೇಕ ಪರವಾನಗಿ ಬೇಕು, ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಇಂಗ್ಲೆಂಡ್ ಮುಖ್ಯಶಿಕ್ಷಕರ ರಾಷ್ಟ್ರೀಯ ಅರ್ಹತೆಯನ್ನು 2009ರಲ್ಲಿ ಕಡ್ಡಾಯ ಮಾಡಿ 2012ರಲ್ಲಿ ಐಚ್ಛಿಕಗೊಳಿಸಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪದವಿಯ ಮಾತೆತ್ತದೆ, ಮುಖ್ಯಸ್ಥರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕು ಎಂದಿದೆ.

ಅದೇ ನೀತಿ ಶಾಲಾ ಸಂಕೀರ್ಣದ ಕಲ್ಪನೆಯನ್ನೂ ಮತ್ತೆ ಮುಂದಿಟ್ಟಿತು. ಅಕ್ಕಪಕ್ಕದ ಶಾಲೆಗಳು ಶಿಕ್ಷಕರನ್ನು, ಪ್ರಯೋಗಾಲಯವನ್ನು, ಗ್ರಂಥಾಲಯವನ್ನು ಹಂಚಿಕೊಂಡು ನಡೆಯಬೇಕೆಂಬ ಆ ವಿಚಾರ 1964-66ರ ಕೊಠಾರಿ ಆಯೋಗದ್ದು. ಆ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ.ಪಿ. ನಾಯಕ್ ಕೊಲ್ಹಾಪುರ ಸೀಮೆಯವರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಧಾರವಾಡದ ಬಳಿಯ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ ಹಳ್ಳಿಗರ ನಡುವೆ ಕೆಲಸ ಮಾಡಿದವರು. 1948ರಲ್ಲಿ ಚಿತ್ರಾ ನಾಯಕ್ ಅವರೊಂದಿಗೆ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು, ಅದು ಈಗ ಪುಣೆಯಲ್ಲಿದೆ. ಶಿಕ್ಷಣ ಆಡಳಿತವನ್ನು ಕಚೇರಿಯ ಕಡತದಿಂದ ಹೊರತಂದು ಒಂದು ಗಂಭೀರ ಅಧ್ಯಯನವಾಗಿಸಿದವರಲ್ಲಿ ಅವರು ಪ್ರಮುಖರು. ಅವರ ಕಾಲದ ಆ ಸಂಕೀರ್ಣದ ವಿಚಾರ ಇವತ್ತಿನ ಮುಂಬಯಿಯ ಕನ್ನಡ ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ. ವಡಾಲಾ, ಫೋರ್ಟ್, ಗೋರೆಗಾಂವ್, ಡೊಂಬಿವಿಲಿಗಳಲ್ಲಿ ಚದುರಿಹೋಗಿರುವ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿನ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದಾರೆ. ಪ್ರತಿ ಶಾಲೆಯೂ ಒಂಟಿಯಾಗಿ ಒಳ್ಳೆಯ ಗಣಿತ ಶಿಕ್ಷಕರನ್ನೂ ಸಮಾಲೋಚಕರನ್ನೂ ಹೊಂದಲಾರದು, ನಾಲ್ಕು ಶಾಲೆಗಳು ಸೇರಿ ಹೊಂದಬಹುದು. ಆದರೆ ನಾಲ್ಕು ಆಡಳಿತ ಮಂಡಳಿಗಳನ್ನು ಒಂದು ಮೇಜಿನ ಸುತ್ತ ತರುವುದು, ಯಾರ ಹೆಸರು ಮೊದಲು ಎಂಬ ಜಗಳ ಮುಗಿಸಿ ವೇಳಾಪಟ್ಟಿಯ ಮಾತಿಗೆ ಬರುವುದು ಪಳಗಿದ ಮುಖ್ಯಾಧ್ಯಾಪಕರಿಂದಷ್ಟೇ ಆಗುವ ಕೆಲಸ.

ಕೋರ್ಸಿಗೆ ಹಣ ಕಟ್ಟುವ ಮುನ್ನ ನೋಡಬೇಕಾದ್ದು ಕೆಲವೇ ಸಂಗತಿ. ದೂರಶಿಕ್ಷಣವಾದರೆ ಆ ನಿರ್ದಿಷ್ಟ ಕೋರ್ಸಿಗೆ, ಆ ವರ್ಷಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅನುಮತಿ ಇದೆಯೇ ಎಂದು ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲೇ ತಾಳೆ ನೋಡಿ, ಏಜೆಂಟರ ಕರಪತ್ರವನ್ನು ನಂಬಬೇಡಿ. ಪಠ್ಯಕ್ರಮದಲ್ಲಿ ತರಗತಿ ವೀಕ್ಷಣೆ ಮತ್ತು ಕ್ರಿಯಾ ಸಂಶೋಧನೆ (ತಮ್ಮ ಶಾಲೆಯ ಸಮಸ್ಯೆಯನ್ನು ತಾವೇ ಪರೀಕ್ಷಿಸಿ ಪರಿಹಾರ ಹುಡುಕುವುದು) ಇವೆಯೇ, ಇದ್ದರೆ ಅವಕ್ಕೆ ಎಷ್ಟು ಅಂಕ ಎಂದು ಕೇಳಿ. ಯೋಜನಾ ಕೆಲಸವನ್ನು ನಿಮ್ಮ ಶಾಲೆಯ ಮೇಲೆಯೇ ಮಾಡಲು ಬಿಡುತ್ತಾರೆಯೇ ಎಂದೂ ಕೇಳಿ. ಬಿಡುವುದಾದರೆ ಐದನೆಯ ತರಗತಿಯ ಎಷ್ಟು ಮಕ್ಕಳು ಎರಡನೆಯ ತರಗತಿಯ ಕನ್ನಡ ಪಾಠವನ್ನು ತಡವರಿಸದೆ ಓದುತ್ತಾರೆ ಎಂಬಂಥ ಸಣ್ಣ, ಅಳೆಯಬಹುದಾದ ಪ್ರಶ್ನೆಯನ್ನೇ ಆರಿಸಿಕೊಳ್ಳಿ. ಆಡಳಿತ ಮಂಡಳಿಯ ಸದಸ್ಯರಿಗೂ ಒಂದು ಮಾತು: ವಾರ್ಷಿಕೋತ್ಸವದ ಮಂಟಪಕ್ಕೆ ಆಗುವ ಖರ್ಚಿನ ಸಣ್ಣ ಪಾಲಿನಲ್ಲಿ ಇಬ್ಬರು ಶಿಕ್ಷಕರ ಡಿಪ್ಲೊಮಾ ಶುಲ್ಕ ಭರಿಸಬಹುದು. ಮುಖ್ಯಾಧ್ಯಾಪಕರ ನಿವೃತ್ತಿಗೆ ನಾಲ್ಕೈದು ವರ್ಷ ಇರುವಾಗಲೇ ಆ ಇಬ್ಬರನ್ನು ಗುರುತಿಸಿ, ವಾರಕ್ಕೆ ಎರಡು ಅವಧಿ ಬಿಡುವು ಕೊಟ್ಟು, ಒಬ್ಬರಿಗೆ ವೇಳಾಪಟ್ಟಿಯ ಹೊಣೆ, ಇನ್ನೊಬ್ಬರಿಗೆ ಪಾಲಕರ ಸಭೆಯ ಹೊಣೆ ಒಪ್ಪಿಸಿ. ಮರುವರ್ಷ ಹೊಣೆಗಳನ್ನು ಅದಲುಬದಲು ಮಾಡಿ.